ಹುಸೇನಪ್ಪನ ಮನೆಯವರು

ಹದಿನೆಂಟು ತುಂಬಿತೆಂದು ಹುಸೇನಪ್ಪನನ್ನು ಬಾಲಮಂದಿರದಿಂದ ಕಳಿಸಿ, ಕೂದಲ ಕಟಿಂಗ್ ಕಲಿಸುವ ತರಬೇತಿಗೆ ಹಾಕಿದ್ದರು. ಪರೀಕ್ಷೆಯ ಮುನ್ನಾದಿನ ಮಾಸ್ತರರು ಗುಡುಗಿದರು: "ನಾಳೆ ನಿಮ್ಮ ಮನ್ಯಾಗಿನವರನ್ನ ಕರ್ಕೊಂಡು ಬಂದು ಕಟಿಂಗ್ ಮಾಡಬೇಕು. ಮನಿಯವ್ರು ಬರಲಿಲ್ಲಂದ್ರ ಪಾಸಿಲ್ಲ!"

ಮರುದಿನ ಉಳಿದ ಒಬ್ಬೊಬ್ಬರ ಜೊತೆಯೂ ಅಪ್ಪನೋ ಅಣ್ಣನೋ ಒಬ್ಬ ಬಂದಿದ್ದ. ಹುಸೇನಪ್ಪನ ಹಿಂದೆ ಇಡೀ ಬಾಲಮಂದಿರವೇ ನಿಂತಿತ್ತು. ಪುಕ್ಕಟೆ ಕಟಿಂಗ್ ಅಂದದ್ದೇ ತಡ, ವಾರ್ಡನ್ ವ್ಯಾನನ್ನೂ ಕೊಟ್ಟಿದ್ದರು.

"ಏನಲೇ ಈ ದಂಡು?"

"ನಮ್ಮ ಮನಿಯವ್ರು ಸರ."

"ಒಬ್ಬ ಸಾಕು, ಉಳಿದವರನ್ನ ಕಳಸು!"

"ಅದೊಂದು ಆಗಾಂಗಿಲ್ರಿ. ಮನಿಯಿಂದ ನನ್ನೊಬ್ಬನ್ನ ಕಳಿಸಿದ್ದು ಸಾಕು."

ಮಾಸ್ತರರು ಅಂಗಿಯ ತೋಳು ಮಡಚಿದರು. ತಾವೂ ಕತ್ತರಿ ಹಿಡಿದರು.

ಸಂಜೆ ಹುಡುಗರೆಲ್ಲ ವ್ಯಾನ್ ಹತ್ತಿದರು. ರೂಢಿಯಂತೆ ಹುಸೇನಪ್ಪನೂ ಮೆಟ್ಟಿಲ ಮೇಲೆ ಕಾಲಿಟ್ಟ. ಡ್ರೈವರ್ ಕಾದ. ಹುಸೇನಪ್ಪನೇ ಇಳಿದು, ಬಾಗಿಲು ಹಾಕಿ, ವ್ಯಾನಿನ ಬೆನ್ನು ತಟ್ಟಿ ಕೂಗಿದ:

"ರೈಟ್!"