ಮೂರು ಗಡಿಗೆಯ ಕಹಿ

ಕೋಡಿಹಾಳದ ಅರಸ ಡಂಗುರ ಹೊಡೆಸಿದ: ಬಿಯರಿಗೆ ಹಾಕುವ ಹಾಪ್ಸ್ ಹೂವಿನಲ್ಲಿ ಮೂರು ಜಾತಿ ತರಿಸಿದ್ದೇನೆ. ನನ್ನ ಮೂರು ಒಗಟು ಬಿಡಿಸಿ, ಸರಿಯಾದ ಜಾತಿ ಆರಿಸಿದವನಿಗೆ ಬಿಯರ್ ಕುದಿಸುವ ಮನೆ ಮತ್ತು ಮಗಳು. ತಪ್ಪಿದವನಿಗೆ ಗಲ್ಲು. ಮಗಳು ಚೆನ್ನಾಜಿಯನ್ನು ಯಾರೂ ಕೇಳಿರಲಿಲ್ಲ. ಡಂಗುರಗಳಲ್ಲಿ ಅಂಥ ರೂಢಿಯಿಲ್ಲ.

ಛತ್ರದಲ್ಲಿ ಸಾರು ಮಾಡುವ ಹಾಲಪ್ಪ ಬಂದದ್ದು ಅವಳಿಗಾಗಿಯೂ ಅಲ್ಲ. ಅವನ ಅಣ್ಣ ದುರ್ಗಪ್ಪ ಮೂರನೆಯ ಒಗಟಿನಲ್ಲಿ ಎಡವಿ, ಗಲ್ಲಿನ ದಿನ ಕಾಯುತ್ತ ಸೆರೆಯಲ್ಲಿದ್ದ. ಗೆದ್ದರೆ ಅಣ್ಣನನ್ನು ಬಿಡಿಸಿಕೊಳ್ಳಬಹುದು. ಸೋತರೆ ಜೊತೆಗೆ ಹೋಗಬಹುದು.

ಒಬ್ಬೊಬ್ಬರನ್ನೇ ಒಳಗೆ ಕರೆದರು. "ಮೊದಲು ಬಂದರೆ ನಾಲಿಗೆಯ ಪಾಲು, ಕೊನೆಗೆ ಬಂದರೆ ಮೂಗಿನ ಪಾಲು. ಬರುವವಳು ಒಬ್ಬಳೇ. ಯಾರವಳು?" ಎಂದು ಅರಸ ಕೇಳಿದ. ನೆರೆರಾಜ್ಯದ ರಾಜಕುಮಾರ ಸೊಸೆ ಎಂದ. ಅವನನ್ನು ಎಳೆದೊಯ್ದರು. ಪಾಳೇಗಾರನ ಮಗ ಇದನ್ನು ದಾಟಿದ. ಆದರೆ "ತಾನು ಕಹಿ, ಜೊತೆಗಿದ್ದವರನ್ನು ಕೆಡಲು ಬಿಡಳು" ಎಂಬ ಎರಡನೆಯದಕ್ಕೆ ಅತ್ತೆ ಎಂದ. ಸಭೆ ನಕ್ಕಿತು. ನಗುತ್ತಲೇ ಅವನನ್ನೂ ಎಳೆದೊಯ್ದರು.

ಹಾಲಪ್ಪನ ಸರದಿ ಬಂತು. ಅರಸ ಅವನಿಗೂ ಅವೇ ಎರಡು ಒಗಟು ಹೇಳಿದ.

"ಹಾಪ್ಸ್ ಹೂವು, ಬುದ್ದಿ. ಮೊದಲೇ ಹಾಕಿ ಕುದಿಸಿದರೆ ಕಹಿ ಇಳೀತದೆ, ಘಮ ಹಾರಿಹೋಗ್ತದೆ. ಇಳಿಸೋ ಹೊತ್ತಿಗೆ ಹಾಕಿದರೆ ಘಮ ಉಳೀತದೆ. ಸಾರಿಗೆ ಕೊತ್ತಂಬರಿ ಕೊನೇಗೆ ಹಾಕ್ತೀವಲ್ಲ, ಹಂಗೆ."

"ಎರಡನೆಯದು?"

"ಅದೂ ಅವಳೇ. ಆ ಹೂವಿದ್ದರೆ ಬಿಯರ್ ಬೇಗ ಹುಳಿಯಾಗಲ್ಲ. ಎರಡಕ್ಕೂ ಒಂದೇ ಉತ್ತರ ಇರಬಾರದು ಅಂತ ತಾವು ಹೇಳಲಿಲ್ಲ."

ಅರಸನ ಮುಖ ಸಣ್ಣದಾಯಿತು. ಮೂರು ಗಡಿಗೆ ತರಿಸಿದ. ಒಂದೊಂದರಲ್ಲಿ ಒಂದೊಂದು ಜಾತಿಯ ಹೂವಿನ ಬಿಯರ್. ಮೊದಲನೆಯದು ಕಡುಕಹಿ, ಗಂಡಸರ ಬಿಯರ್ ಎಂದರೆ ಇದು ಎಂದು ಅರಸನೇ ಹೊಗಳಿದ. ಎರಡನೆಯದಕ್ಕೆ ಕಿತ್ತಳೆ ಸಿಪ್ಪೆಯ ಘಮ. ಮಂತ್ರಿಗಳು ಕಣ್ಣು ಮುಚ್ಚಿ ಮೂಸಿದರು. ದುರ್ಗಪ್ಪ ಆರಿಸಿದ್ದೂ ಅದನ್ನೇ. ಮೂರನೆಯದರ ಬಗ್ಗೆ ಯಾರೂ ಏನೂ ಹೇಳಲಿಲ್ಲ.

"ಮೂರರಲ್ಲಿ ಉತ್ತಮ ಯಾವುದು?"

ಹಾಲಪ್ಪ ಕುಡಿಯಲಿಲ್ಲ. ಗಡಿಗೆಗಳೊಳಗೆ ಬಗ್ಗಿ ನೋಡಿದ. ಎರಡು ಕತ್ತಿನವರೆಗೆ ತುಂಬಿದ್ದವು. ಮೂರನೆಯದರಲ್ಲಿ ಅವನು ಇಳಿಬಿಟ್ಟ ಸೌಟು ತಳಕ್ಕೆ ತಾಗಿತು.

"ಇದೇ, ಬುದ್ದಿ. ಹೊಗಳಿಕೆಯೆಲ್ಲ ಅವೆರಡಕ್ಕೆ, ಲೋಟವೆಲ್ಲ ಇದಕ್ಕೆ."

ಅರಸ ಮೀಸೆಯ ನೊರೆ ಒರೆಸಿಕೊಂಡ. ಚೆನ್ನಾಜಿ ಗಟ್ಟಿಯಾಗಿ ನಕ್ಕಳು. ಅಲ್ಲಿಗೆ ತೀರ್ಪಾಯಿತು.

ಬಿಯರ್ ಮನೆಯ ಬೀಗದ ಕೈ ಹಾಲಪ್ಪನಿಗೆ ಬಂತು. ಅವನು ಅಣ್ಣನನ್ನು ಬಿಡುವಂತೆ ಅರಸನನ್ನು ಕೇಳಿದ. ಅರಸ ಸೆರೆಯಲ್ಲಿದ್ದ ಎಲ್ಲರನ್ನೂ ಬಿಟ್ಟ. ಊರು ಜೈಕಾರ ಹಾಕಿತು. ಮದುವೆಯ ಮಾತು ಬಂದಾಗ ಹಾಲಪ್ಪ ಅರಸನ ಕಡೆ ನೋಡದೆ ಚೆನ್ನಾಜಿಯನ್ನು ಕೇಳಿದ: "ತಮಗೆ ಒಪ್ಪಿಗೆಯಾ, ತಾಯಿ?"

"ತಾಯಿ ಅನ್ನೋದು ಬಿಟ್ಟರೆ ಒಪ್ಪಿಗೆ," ಎಂದಳು ಚೆನ್ನಾಜಿ.