ಬಿಡು ಅನ್ನೋ ಮಾತಿನ ಎರಡು ಬಾಗಿಲು

ಒಂದಾನೊಂದು ಕಾಲದಲ್ಲಿ, ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲೇ ನಡೀತಿದ್ದ ಒಂದು ಕೋಟೆಯೂರಿನಲ್ಲಿ, ಚಂದಮ್ಮ ಅನ್ನೋ ಹೆಂಗಸು ಇದ್ದಳಂತೆ. ಅವಳ ಗಂಡ ಮಲ್ಕಪ್ಪ ಕುದುರೆಗೆ ಲಾಳ ಕಟ್ಟೋನು. ಬಿಳಿ ದೊರೆಯ ಕುದುರೆ ಕಳುವಾಯ್ತು, ಕೊನೇ ಸಲ ಅದನ್ನ ಮುಟ್ಟಿದೋನು ಇವನೇ ಅಂತ ಸೆರೆಗೆ ಹಾಕಿದರಂತೆ. ಆಮೇಲೆ ದೊರೆ ಆರು ದಿನದ ದಾರಿ ದಾಟಿ ಹೋಗಿ, ಅಲ್ಲಿಂದ ಒಂದು ಇಂಗ್ಲಿಷ್ ಕಾಗದ ಕಳಿಸಿದನಂತೆ. ಅದರಲ್ಲಿದ್ದದ್ದು ಒಂದೇ ಸಾಲು. ಮಲ್ಕಪ್ಪನನ್ನು ಕೂಡಲೇ ಡಿಸ್ಚಾರ್ಜ್ ಮಾಡಿ.

ಕೋಟೆ ಕಾಯೋ ಕಿಲ್ಲೇದಾರನಿಗೆ ಡಿಸ್ಚಾರ್ಜ್ ಅನ್ನೋ ಆ ಒಂದು ಮಾತು ತಿಳೀಲಿಲ್ಲವಂತೆ. ತಿಳಿದೋರನ್ನ ಕರೀರಿ ಅಂದ.

ಮೊದಲು ಬಂದೋನು ತೋಪು ಹಾರಿಸೋ ದಾದಾಮಿಯಾ. ಗೋರಾ ಸಿಪಾಯಿಗಳು ಡಿಸ್ಚಾರ್ಜ್ ಅಂತ ಕೂಗಿದಾಗೆಲ್ಲ ನಾವು ಗುಂಡು ಹಾರಿಸ್ತಿದ್ದೆವು ಹುಜೂರ್, ಅಂದರೆ ಉಡಾಯಿಸಿಬಿಡಿ ಅಂತ ಅಂದನಂತೆ. ಆಮೇಲೆ ಬಂದೋನು ಕಚೇರಿಯ ಮುನ್ಷಿ. ಕರ್ತವ್ಯ ಡಿಸ್ಚಾರ್ಜ್ ಮಾಡೋದು ಅಂದರೆ ತೀರಿಸೋದು, ಇವನನ್ನೂ ತೀರಿಸಿಬಿಡಿ ಅಂದನಂತೆ. ಕಿಲ್ಲೇದಾರ ಕೆಟ್ಟೋನಲ್ಲ, ಆದರೆ ದೊರೆಗೆ ಹೆದರುತ್ತಿದ್ದ. ಬಿಸಿಲು ಕೋಟೆ ಬಾಗಿಲ ನೆತ್ತಿಗೆ ಬಂದ ಕೂಡಲೇ ತೋಪು ತುಂಬಿ ಅಂದುಬಿಟ್ಟ.

ಚಂದಮ್ಮ ಎದ್ದುಬಿದ್ದು ಓಡಿದ್ದು ಉಸ್ತಾನಿ ಹಲೀಮಾಬಿಯ ಮನೆಗೆ. ಹುಡುಗಿಯರಿಗೆ ಅಕ್ಷರ ಕಲಿಸೋ ಮುದುಕಿ, ಇಂಗ್ಲಿಷ್ ಮಾತಿಗೆ ಉರ್ದುವಿನಲ್ಲಿ ಅರ್ಥ ಬಿಡಿಸಿ ಹೇಳೋಳು. ಬೀ, ನನ್ನ ಗಂಡನ ಜೀವ ಒಂದು ಮಾತಿನೊಳಗೆ ಸಿಕ್ಕಿಕೊಂಡದೆ ಅಂದಳಂತೆ. ಮುದುಕಿ ಕೋಲೂರಿಕೊಂಡು ಬಂದಳು, ಕಾಗದ ನೋಡಿದಳು.

ಇದಕ್ಕೆ ಉರ್ದುವಿನಲ್ಲಿ ಛೋಡ್‌ನಾ ಅಂತಾರೆ, ಬಿಡೋದು ಅಂತ, ಅಂದಳು.

ಗುಂಡು ಹಾರಿಸೋದಕ್ಕೂ ಗೋಲಿ ಛೋಡ್‌ನಾ ಅಂತೀವಲ್ಲ ಖಾಲಾ, ಅಂತ ದಾದಾಮಿಯಾ ಮೀಸೆ ತಿರುವಿದನಂತೆ.

ಅಂತೀವಪ್ಪ, ಅಂದಳು ಮುದುಕಿ. ಗೋಲಿ ಛೋಡೋ ಅಂದರೆ ಹೊರಗೆ ಹೋಗೋದು ಯಾವುದು?

ಗೋಲಿ.

ಪಾರಿವಾಳಕ್ಕೆ ಕಬೂತರ್ ಛೋಡೋ ಅಂದರೆ?

ಕಬೂತರ್.

ಈ ಕಾಗದದಲ್ಲಿ ತೋಪನ್ನ ಬಿಡು ಅಂತ ಇದೆಯೋ, ಮಲ್ಕಪ್ಪನ್ನ ಬಿಡು ಅಂತ ಇದೆಯೋ?

ಮಲ್ಕಪ್ಪನ್ನ. ಹಾಗಾದರೆ ಅವನನ್ನೇ ತೋಪಿಗೆ ತುಂಬಿ ಬಿಟ್ಟರಾಯ್ತು, ಅಂದ ಅವನು.

ಅರೇ ದಾದಾ, ನಿನ್ನ ತೋಪಿನ ಬಾಯಿ ನಿನ್ನ ಬಾಯಿಯಷ್ಟು ಅಗಲ ಇಲ್ಲ, ಅಂದಳಂತೆ ಹಲೀಮಾಬಿ.

ನಿಂತೋರೆಲ್ಲ ನಕ್ಕರು. ಚಂದಮ್ಮ ಮಾತ್ರ ನಗಲಿಲ್ಲ. ಬಾಣ ಬಿಡು, ಕರು ಬಿಡು, ತನ್ನ ಕನ್ನಡದಲ್ಲೂ ಅದೇ ಮಾತಲ್ಲವೇ ಅಂತ ಅವಳಿಗೆ ಹೊಳೀತಂತೆ. ಹುಟ್ಟಿದಾಗಿನಿಂದ ಆಡಿದ ಅಷ್ಟು ಚಿಕ್ಕ ಮಾತು, ಅದರೊಳಗೆ ಸಾವೂ ಬಿಡುಗಡೆಯೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದವು. ಆ ಹೊತ್ತಿಗೆ ಕೋಟೆಯೇ ನಡುಗಿತು ಅಂತಾರೆ. ಕಲ್ಲು ಹೇಗೆ ನಡುಗೀತು ಮಗು, ನಡುಗಿದ್ದು ಚಂದಮ್ಮನ ಕಾಲೇ ಇರಬೇಕು.

ಅರ್ಥ ತಪ್ಪಿದರೆ ಅಂತ ಕಿಲ್ಲೇದಾರ ಮೆಲ್ಲಗೆ ಕೇಳಿದನಂತೆ.

ತಪ್ಪಿ ಬಿಟ್ಟರೆ ಅವನನ್ನ ಮತ್ತೆ ಹಿಡಿದು ತರಬಹುದು ಹುಜೂರ್, ತಪ್ಪಿ ಕೊಂದರೆ ಅವನನ್ನ ಯಾವ ಭಾಷೆಯಲ್ಲಿ ಕೂಗಿ ಕರೀತೀರಿ? ಅಂದಳಂತೆ ಮುದುಕಿ.

ಆಮೇಲೆ ಕಿಲ್ಲೇದಾರ ಬೀಗದ ಕೈ ತೆಗೆದು ಚಂದಮ್ಮನ ಕೈಗೇ ಕೊಟ್ಟನಂತೆ. ಕುದುರೆ ಎಂದೋ ಸಿಕ್ಕಿತ್ತು, ಅದಕ್ಕೇ ದೊರೆ ಬಿಡು ಅಂದಿದ್ದ ಅನ್ನೋ ಸುದ್ದಿ ಬಂದದ್ದು ವಾರ ಕಳೆದ ಮೇಲೆ.

ಮಲ್ಕಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಬಿಸಿಲಿಗೆ ಬಂದ. ಏನಂತ ಬರೆದಿದ್ದನೇ ದೊರೆ, ಅಂದ.

ಬಿಡು ಅಂತ.

ಅಷ್ಟೇನಾ?

ಅಷ್ಟೇ, ಅಂದಳಂತೆ ಚಂದಮ್ಮ. ಆಮೇಲೆ ಇಬ್ಬರೂ ಮನೆಗೆ ಹೋಗಿ ನೂರು ವರ್ಷ ನೆಮ್ಮದಿಯಾಗಿ ಬಾಳಿದರು, ನೂರಲ್ಲದಿದ್ದರೆ ಅರವತ್ತಾದರೂ. ಅವರ ಕತೆ ಅಲ್ಲಿಗೆ ಮುಗೀತು ಕಂದಾ, ಮಲಗು.