ಬಾಗಿಲಿಗೆ ಮಾಡಿದ ನಮಸ್ಕಾರ

ತುಂಗಭದ್ರೆಯ ದಡದಲ್ಲಿ ಮೌನಾಚಾರಿಯವರ ತಗಡಿನ ಶೆಡ್ಡು. ಗುದ್ದಿಸಿಕೊಂಡು ನಜ್ಜುಗುಜ್ಜಾದ ಗಾಡಿಗಳು ಅಲ್ಲಿಗೆ ಬಂದು ಹೊಸ ಮೈ ಪಡೆದು ಹೋಗುತ್ತಿದ್ದವು.

ಕೊಟ್ರಮ್ಮ ಅವರ ಶಿಷ್ಯೆ. ಉಜ್ಜುವುದು, ಒರೆಸುವುದು ಅವಳ ಕೆಲಸ. ಬಣ್ಣ ಹೊಡೆಯುವ ಗನ್ನನ್ನು ಗುರುಗಳು ಇನ್ನೂ ಅವಳ ಕೈಗೆ ಕೊಟ್ಟಿರಲಿಲ್ಲ. ಅವಳ ಆಸೆಯೆಲ್ಲ ಅದರ ಮೇಲೆಯೇ.

ಒಂದು ದಿನ, ರಿಪೇರಿಗೆ ಬಂದಿದ್ದ ಆಂಬುಲೆನ್ಸಿಗೆ ಹೊಸ ಬಾಗಿಲು ಬಂತು. ಕಾರ್ಖಾನೆಯ ಕಪ್ಪು ಲೇಪ ಮಿರಮಿರನೆ ಮಿಂಚುತ್ತಿತ್ತು.

"ಇದನ್ನು ಸಿದ್ಧ ಮಾಡು. ನನಗೆ ಒಪ್ಪಿಗೆಯಾದರೆ ಬಣ್ಣ ನೀನೇ ಹೊಡಿ," ಎಂದರು ಗುರುಗಳು.

"ಹೊಸದಲ್ವಾ ಆಚಾರ್ರೇ? ಸಿಂಗಾರ ಮಾಡ್ಕೊಂಡೇ ಬಂದಿದೆ!"

ಗುರುಗಳು ಜಿಡ್ಡು ತೆಗೆಯುವ ನೀರಿನಲ್ಲಿ ಬಿಳಿ ಬಟ್ಟೆ ಅದ್ದಿ ಬಾಗಿಲ ಮೇಲೆ ಎಳೆದರು. ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು.

"ತುಕ್ಕು ಹಿಡೀದಿರಲಿ ಅಂತ ಎಣ್ಣೆ ಸವರಿ ಕಳಿಸಿದ್ದಾರೆ. ಹುಟ್ಟಿದ ಕೂಸಿಗೂ ಮೊದಲು ಸ್ನಾನ, ಆಮೇಲೆ ಅಂಗಿ."

ಕೊಟ್ರಮ್ಮ ಒರೆಸಿದಳು. ಕೊಳೆಯಾದ ಬಟ್ಟೆ ಎಸೆದು ಹೊಸ ಬಟ್ಟೆಯಿಂದ ಮತ್ತೆ ಒರೆಸಿದಳು. ಮಿಂಚುವ ಮೈ ಮೇಲೆ ಬಣ್ಣ ನಿಲ್ಲುವುದಿಲ್ಲ. ಹೊಳಪೆಲ್ಲ ಮಾಸುವವರೆಗೆ ನಯವಾದ ಉಪ್ಪುಕಾಗದದಿಂದ ಉಜ್ಜಿದಳು. ಭುಜ ಸೋತಿತು. ಮತ್ತೊಮ್ಮೆ ಒರೆಸಿದಳು.

ಗುರುಗಳು ಬಣ್ಣ ಕಲಸಲು ಅತ್ತ ತಿರುಗಿದರು. ಕೊಟ್ರಮ್ಮನ ಎದೆ ತುಂಬಿತ್ತು. ಕೈಗವಸು ಬಿಚ್ಚಿ, ಬಾಗಿಲನ್ನು ಬೆರಳ ತುದಿಯಿಂದ ಮುಟ್ಟಿ, ಕಣ್ಣಿಗೆ ಒತ್ತಿಕೊಂಡಳು. ದೊಡ್ಡ ಕೆಲಸಕ್ಕೆ ಮುಂಚೆ ಹಾಗೆ ಮಾಡುವುದು ಅವಳ ಮನೆಯ ರೂಢಿ.

"ಮೊದಲು ಪರೀಕ್ಷೆ," ಎಂದು ಗುರುಗಳೇ ಒಂದು ತೆಳು ಪದರ ಹೊಡೆದರು. ಬಿಳಿ ಬಣ್ಣ ಹಾಲಿನ ಕೆನೆಯಂತೆ ಹರಡಿತು. ಒಂದು ಕಡೆ ಮಾತ್ರ ಹಿಂಜರಿಯಿತು. ಅಲ್ಲಿ ನಾಲ್ಕು ಸಣ್ಣ ಗುಳಿಗಳು ತೆರೆದುಕೊಂಡವು, ಮೀನಿನ ಕಣ್ಣುಗಳಂತೆ.

"ಯಾರ ಕೈ ಇದು?"

"ನಂದೇ. ನಮಸ್ಕಾರ ಮಾಡಿದೆ. ಭಕ್ತಿಯಿಂದ ಮುಟ್ಟಿದ್ದೂ ತಪ್ಪಾ?"

"ಭಕ್ತಿ ನಿನ್ನ ಹತ್ರವೇ ಉಳೀತು. ಬಾಗಿಲಿಗೆ ಹತ್ತಿದ್ದು ಬೆರಳಿನ ಜಿಡ್ಡು."

ಗುರುಗಳು ಗನ್ನನ್ನು ತೊಳೆದು ಮೊಳೆಗೆ ನೇತುಹಾಕಿದರು.

"ನಾಳೆ ಗಾಡಿ ಹೊರಡಬೇಕು. ನಿನ್ನಿಂದ ಆಗಲ್ಲ ಅಂದ್ರೆ ನಾನೇ ಮಾಡ್ತೀನಿ."

"ಆಗಲ್ಲ ಅಂದವರು ಯಾರು?" ಕೊಟ್ರಮ್ಮ ಸೆರಗು ಬಿಗಿದು ಸಿಕ್ಕಿಸಿಕೊಂಡಳು.

ಹೊಡೆದ ಬಣ್ಣವನ್ನೆಲ್ಲ ತೆಗೆದಳು. ಮೊದಲಿನಿಂದ ಒರೆಸಿದಳು, ಉಜ್ಜಿದಳು, ಒರೆಸಿದಳು. ಈ ಸಲ ಕೈಗವಸು ಬಿಚ್ಚಲಿಲ್ಲ.

ಬೆಳಿಗ್ಗೆ ಗುರುಗಳು ಬಂದು ಬಾಗಿಲನ್ನು ಓರೆಯಾಗಿ, ನೇರವಾಗಿ ನೋಡಿದರು. ತಲೆಬಾಗಿ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಕೈ ಚಾಚಿದರು.

ಕೊಟ್ರಮ್ಮ ಗಬಕ್ಕನೆ ಅವರ ಮಣಿಕಟ್ಟು ಹಿಡಿದಳು.

"ಬೇಡ ಆಚಾರ್ರೇ."

"ಗುರುವಿನ ಕೈ ತಡೀತೀಯಾ?"

ಅವಳ ಹಿಡಿತ ಸಡಿಲವಾಗಲಿಲ್ಲ.

"ನಿಮ್ಮ ಕೈಯಲ್ಲೂ ಜಿಡ್ಡು ಇರುತ್ತೆ."

ಗುರುಗಳು ಇನ್ನೊಂದು ಕೈಯಿಂದ ಮೊಳೆಯ ಮೇಲಿನ ಗನ್ ತೆಗೆದು ಅವಳ ಮುಂದೆ ಹಿಡಿದರು.

"ನಿನ್ನೆ ಮಾಡಿದ್ದಲ್ಲ ಕೊಟ್ರಮ್ಮ. ನಮಸ್ಕಾರ ಅಂದ್ರೆ ಇದು, ಹೀಗೆ ಕೆಲಸ ಕಾಯೋದು."